ಹಗ್ಗ ಇಳಿಬಿಟ್ಟು ಸಮುದ್ರದ ಬಿಸಿ ಅಳೆದವರು

"ನಮ್ಮ ಕಾಲದಲ್ಲಿ ಇಷ್ಟು ಸೆಕೆ ಇರಲಿಲ್ಲ" ಎಂದು ಊರಿನ ಹಿರಿಯರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮಾತು ನಿಜವಿರಬಹುದು. ಆದರೆ ಎಷ್ಟು ಹೆಚ್ಚಾಗಿದೆ ಅಂತ ಹೇಳಬೇಕಾದರೆ ಹಿಂದೆ ಯಾರಾದರೂ ಅಳೆದು ಬರೆದಿಟ್ಟಿರಬೇಕು. ನೆಲದ ಮೇಲಿನ ಲೆಕ್ಕ ಹೇಗೋ ಸಿಗುತ್ತದೆ. ಸಮುದ್ರದ ಆಳದ್ದು?

ಅದೂ ಇದೆ. 1872ರ ಡಿಸೆಂಬರ್‌ನಲ್ಲಿ ಇಂಗ್ಲೆಂಡಿನಿಂದ 'ಚಾಲೆಂಜರ್' ಎಂಬ ಹಡಗು ಹೊರಟಿತು. ಅದು ಯುದ್ಧದ ಹಡಗು. ಹೆಚ್ಚಿನ ತೋಪುಗಳನ್ನು ತೆಗೆದುಹಾಕಿ, ಆ ಜಾಗದಲ್ಲಿ ಪ್ರಯೋಗಾಲಯ ಮಾಡಿದ್ದರು. ವಿಜ್ಞಾನಿಗಳ ಮುಖ್ಯಸ್ಥ ವೈವಿಲ್ ಥಾಮ್ಸನ್. ಮೂರೂವರೆ ವರ್ಷ ಸುತ್ತಿ, 1876ರ ಮೇ ತಿಂಗಳಲ್ಲಿ ವಾಪಸ್ ಬಂದರು. ಕ್ರಮಿಸಿದ ದೂರ ಸುಮಾರು 1,27,000 ಕಿಲೋಮೀಟರ್.

ಮುನ್ನೂರಕ್ಕೂ ಹೆಚ್ಚು ಕಡೆ ಹಡಗು ನಿಲ್ಲಿಸಿ, ನಾರಿನ ಹಗ್ಗಕ್ಕೆ ಥರ್ಮಾಮೀಟರ್ ಕಟ್ಟಿ ಆಳಕ್ಕೆ ಬಿಟ್ಟರು. ನಾವು ಬಾವಿಯ ಆಳವನ್ನು ಮಾರಿನಲ್ಲಿ ಹೇಳುತ್ತೇವಲ್ಲ, ಅವರ ಅಳತೆಯೂ ಹೆಚ್ಚುಕಡಿಮೆ ಅದೇ: ಆರು ಅಡಿಗೆ ಒಂದು. ಒಂದು ಕಡೆಯಂತೂ 4,475 ಮಾರು ಹಗ್ಗ ಇಳಿಯಿತು, ಅಂದರೆ ಎಂಟು ಕಿಲೋಮೀಟರಿಗೂ ಹೆಚ್ಚು! ಇಳಿಸು, ಎತ್ತು, ಬರೆದುಕೋ. ಇದೇ ಕೆಲಸ ಮಾಡಿ ನಾವಿಕರಿಗೆ ಸಾಕಾಗಿಹೋಗಿತ್ತು. ಎಷ್ಟೋ ಜನ ದಾರಿಯ ಬಂದರುಗಳಲ್ಲೇ ಹೇಳದೆ ಕೇಳದೆ ಇಳಿದುಹೋದರು. ಅವರನ್ನು ದೂರಲು ನಮಗೆ ಮನಸ್ಸಾಗುವುದಿಲ್ಲ.

ಭೂಮಿ ಬಿಸಿಯಾಗುತ್ತಿದೆಯೇ ಎಂದು ನೋಡಲು ಅವರು ಹೋಗಿರಲಿಲ್ಲ. ಆಳದಲ್ಲಿ ಜೀವಿಗಳಿವೆಯೇ, ತಳ ಹೇಗಿದೆ ಎನ್ನುವುದೇ ಅವರ ಪ್ರಶ್ನೆ. ಆದರೂ ಸಿಕ್ಕಿದ್ದನ್ನೆಲ್ಲ 50 ಸಂಪುಟಗಳಲ್ಲಿ ಅಚ್ಚು ಹಾಕಿಸಿದರು.

ಈಗ ಸಮುದ್ರಗಳಲ್ಲಿ 'ಆರ್ಗೋ' ಎಂಬ ಸುಮಾರು 4,000 ಯಂತ್ರಗಳು ತೇಲುತ್ತಿವೆ. ಹತ್ತು ದಿನಕ್ಕೊಮ್ಮೆ ಎರಡು ಕಿಲೋಮೀಟರ್ ಆಳದಿಂದ ಮೇಲೆ ಬಂದು ಉಪಗ್ರಹಕ್ಕೆ ಲೆಕ್ಕ ಒಪ್ಪಿಸುತ್ತವೆ. 2012ರಲ್ಲಿ ಡೀನ್ ರೋಮಿಕ್ ಮತ್ತು ಸಂಗಡಿಗರು, ಚಾಲೆಂಜರ್ ನಿಂತಿದ್ದ ಅದೇ ಜಾಗ, ಅದೇ ಕಾಲಮಾನಕ್ಕೆ ಆರ್ಗೋ ಲೆಕ್ಕವನ್ನು ಹೋಲಿಸಿದರು. ಮೇಲ್ಮೈ ನೀರು ಸರಾಸರಿ 0.59 ಡಿಗ್ರಿ ಬಿಸಿಯಾಗಿತ್ತು. 900 ಮೀಟರ್ ಆಳದಲ್ಲೂ 0.12 ಡಿಗ್ರಿ.

ಇದೇನು ಮಹಾ ಅನ್ನಿಸಬಹುದು. ಚೊಂಬು ನೀರು ಕಾಯಿಸುವ ಸೌದೆ ಹಂಡೆಗೆ ಸಾಕಾಗುತ್ತದೆಯೇ? ಇದು ಸಮುದ್ರ. ಭೂಮಿಯಲ್ಲಿ ಹೆಚ್ಚುವರಿಯಾಗಿ ಉಳಿಯುತ್ತಿರುವ ಬಿಸಿಯಲ್ಲಿ ನೂರಕ್ಕೆ ತೊಂಬತ್ತು ಪಾಲು ಹೋಗಿ ಸೇರುವುದು ಇಲ್ಲಿಗೇ.

ಹಳೆಯ ಲೆಕ್ಕದಲ್ಲಿ ದೋಷವಿಲ್ಲವೇ? ಇದೆ. ನೀರಿನ ಸೆಳೆತಕ್ಕೆ ಹಗ್ಗ ಓರೆಯಾದರೆ ಥರ್ಮಾಮೀಟರ್ ಅಂದುಕೊಂಡಷ್ಟು ಆಳಕ್ಕೆ ಹೋಗಿರುವುದಿಲ್ಲ. ಮೇಲಿನ ನೀರು ಬೆಚ್ಚಗಿರುವುದರಿಂದ ಆಗ ಬರೆದ ಅಂಕಿ ತುಸು ಹೆಚ್ಚೇ ಆಗಿರುತ್ತದೆ. ಹಾಗಾದರೆ ನಿಜವಾದ ಏರಿಕೆ ಈ ಲೆಕ್ಕಕ್ಕಿಂತ ಇನ್ನೂ ಜಾಸ್ತಿ ಇರಬಹುದು.

ನಮಗೆ ಮುಂಗಾರು ತರುವ ಅರಬ್ಬಿ ಸಮುದ್ರಕ್ಕೆ ಚಾಲೆಂಜರ್ ಬರಲೇ ಇಲ್ಲ. ಆಫ್ರಿಕಾದ ತುದಿಯಿಂದ ದಕ್ಷಿಣದ ಹಿಮದ ಅಂಚಿಗೆ ಹೋಗಿ, ಹಾಗೇ ಆಸ್ಟ್ರೇಲಿಯಾ ಸೇರಿತು. ನಮ್ಮ ಕಡಲಿನ ಹಳೆಯ ಲೆಕ್ಕಕ್ಕೆ ಸರಕು ಹಡಗುಗಳ ದಿನಚರಿ ಪುಸ್ತಕಗಳೇ ಗತಿ. ಬಕೆಟ್‌ನಲ್ಲಿ ನೀರು ಸೇದಿ, ಬಿಸಿ ಎಷ್ಟೆಂದು ನೋಡಿ, ಅದರಲ್ಲಿ ಬರೆದಿಡುತ್ತಿದ್ದರು.