ತಾತ್ಕಾಲಿಕ ಶೆಡ್ಡು, ವರ್ಜೀನಿಯಾ ಸೊಪ್ಪು ಮತ್ತು ಒಂದು ಹೈಸ್ಕೂಲಿನ ಕಥೆ

ಎರಡು ವಾರದಿಂದ ಏನೂ ಬರೆದಿರಲಿಲ್ಲ. ಕಾರಣ ನಿಮಗೆ ಗೊತ್ತೇ ಇದೆ. ನಮ್ಮ ಪಿರಿಯಾಪಟ್ಟಣ, ಹುಣಸೂರು ಕಡೆ ಈಗ ಎಲ್ಲರ ಮನೇಲೂ ಇದೇ ಕಥೆ. ಹಗಲು ಸೊಪ್ಪು ಮುರಿಯೋದು, ಸಂಜೆ ಕಡ್ಡಿಗೆ ಕಟ್ಟೋದು, ರಾತ್ರಿ ಬ್ಯಾರನ್ ಮುಂದೆ ಕೂತು ಬೆಂಕಿ ಕಾಯೋದು. ಈ ಬರಹವನ್ನೂ ಮೂರು ರಾತ್ರಿ ಬ್ಯಾರನ್ ಮುಂದೆ ಕೂತು ಮೊಬೈಲಲ್ಲೇ ಬರೆದೆ. ಅಕ್ಷರ ತಪ್ಪಿದ್ದರೆ ಹೊಟ್ಟೆಗೆ ಹಾಕ್ಕೊಳ್ಳಿ.

ಹೋದ ಸಾರಿ ಎಸ್‌ಡಿಎಂಸಿ ಸಭೆ ವಿಷಯ ಬರೆದಿದ್ದೆ. ನಮ್ಮೂರ ಹೈಸ್ಕೂಲಿನ ಒಂಬತ್ತು, ಹತ್ತನೇ ಕ್ಲಾಸು ತಗಡಿನ ಶೆಡ್ಡಿಗೆ ಹೋಗಿ ಇದು ನಾಲ್ಕನೇ ವರ್ಷ. ಶುರುವಿನಲ್ಲಿ ‘ತಾತ್ಕಾಲಿಕ’ ಅಂದಿದ್ದರು. ಮೊನ್ನೆ ನಾವು ಐದು ಜನ ಮತ್ತೆ ಅರ್ಜಿ ಹಿಡಿದು ಹೋದಾಗ ಒಬ್ಬ ಅಧಿಕಾರಿ, "ಪದೇ ಪದೇ ಯಾಕೆ ಬರ್ತೀರಿ, ಆದೇಶ ಬಂದಾಗ ನಾವೇ ತಿಳಿಸ್ತೀವಿ" ಅಂದರು. ಆ ಮಾತು ಕೇಳಿದಾಗ ನನಗೆ ಹಿಂದೆ ಓದಿದ್ದ ಒಂದು ಇತಿಹಾಸ ನೆನಪಾಯ್ತು. ಇದೇ ಮಾತನ್ನು ಬೇರೆ ಕಡೆ, ಬೇರೆ ಜನಕ್ಕೆ, ಎಪ್ಪತ್ತು ವರ್ಷದ ಹಿಂದೆ ಹೇಳಿದ್ದರು. ಅವರೂ ಸೊಪ್ಪು ಬೆಳೆಯೋರೇ.

ನಾವು ಬೆಳೆಯೋದನ್ನ ವರ್ಜೀನಿಯಾ ತಂಬಾಕು ಅಂತೀವಿ. ಆ ವರ್ಜೀನಿಯಾ ಅಮೆರಿಕದ ಒಂದು ರಾಜ್ಯ. ಅದರ ನಡುಭಾಗದಲ್ಲಿ ಪ್ರಿನ್ಸ್ ಎಡ್ವರ್ಡ್ ಅನ್ನೋ ಕೌಂಟಿ ಇದೆ. ಕೌಂಟಿ ಅಂದ್ರೆ ನಮ್ಮ ಲೆಕ್ಕಕ್ಕೆ ಒಂದು ತಾಲ್ಲೂಕು ಅಂದ್ಕೊಳ್ಳಿ, ಆದರೆ ತನ್ನದೇ ತೆರಿಗೆ, ತನ್ನದೇ ಶಾಲಾ ಮಂಡಳಿ ಇರೋ ತಾಲ್ಲೂಕು. ಅದರ ಪೇಟೆ ಫಾರ್ಮ್‌ವಿಲ್. ಸುತ್ತ ಹಳ್ಳಿಗಳಲ್ಲಿ ತಂಬಾಕೇ ದುಡ್ಡಿನ ಬೆಳೆ. ಬಿಳಿಯರೂ ಬೆಳೀತಿದ್ದರು, ಕಪ್ಪು ಜನರೂ ಬೆಳೀತಿದ್ದರು. ಆದರೆ ಶಾಲೆ, ಬಸ್ಸು, ಕೊನೆಗೆ ಕೃಷಿ ಸಲಹೆ ಕೊಡೋ ಅಧಿಕಾರಿ ಕೂಡ ಬೇರೆ ಬೇರೆ. ಕಪ್ಪು ರೈತರಿಗೆ ಕಪ್ಪು ಅಧಿಕಾರಿ. ಕಾನೂನೇ ಹಾಗಿತ್ತು. ಬೇರೆ ಸಾಲು, ಬೇರೆ ಲೋಟ ಅನ್ನೋದು ನಮ್ಮ ಊರುಗಳಿಗೂ ಹೊಸದಲ್ಲ, ಅದನ್ನ ಬಿಡಿಸಿ ಹೇಳಬೇಕಿಲ್ಲ.

ಫಾರ್ಮ್‌ವಿಲ್‌ನಲ್ಲಿ ಕಪ್ಪು ಮಕ್ಕಳಿಗೆ 1939ರಲ್ಲಿ ಒಂದು ಇಟ್ಟಿಗೆ ಕಟ್ಟಡದ ಹೈಸ್ಕೂಲು ಕಟ್ಟಿದರು. ಅದೇ ಕೌಂಟಿಯಲ್ಲಿ ಬೆಳೆದು ಮುಂದೆ ದೊಡ್ಡ ಶಿಕ್ಷಣ ಸಂಸ್ಥೆಯ ಮುಖ್ಯಸ್ಥರಾದ ರಾಬರ್ಟ್ ಮೋಟನ್ ಅವರ ಹೆಸರಿಟ್ಟರು. ಕಟ್ಟಿದ್ದು 180 ಮಕ್ಕಳಿಗೆ. ಹತ್ತು ವರ್ಷದಲ್ಲಿ ಮಕ್ಕಳು 450 ದಾಟಿದರು. ವಿಜ್ಞಾನದ ಲ್ಯಾಬ್ ಇಲ್ಲ, ಊಟದ ಕೋಣೆ ಇಲ್ಲ, ವ್ಯಾಯಾಮದ ಹಾಲ್ ಇಲ್ಲ. ಬಿಳಿ ಮಕ್ಕಳ ಹೈಸ್ಕೂಲಲ್ಲಿ ಇದೆಲ್ಲ ಇತ್ತು. ಸಭಾಂಗಣದಲ್ಲೇ ಒಂದು ಮೂಲೆಗೊಂದು ಕ್ಲಾಸು. ಕೆಲವು ದಿನ ನಿಂತ ಬಸ್ಸಿನೊಳಗೂ ಪಾಠ.

ಪೋಷಕರು ಕೇಳಿ ಕೇಳಿ ಸಾಕಾದ ಮೇಲೆ ಶಾಲಾ ಮಂಡಳಿ 1940ರ ದಶಕದ ಕೊನೆಗೆ ಒಂದು ಉಪಾಯ ಮಾಡಿತು. ಅಂಗಳದಲ್ಲಿ ಮರದ ಚೌಕಟ್ಟು ನಿಲ್ಲಿಸಿ, ಡಾಂಬರು ಹಚ್ಚಿದ ದಪ್ಪ ಕಾಗದ ಹೊದಿಸಿ ಶೆಡ್ಡು ಎಬ್ಬಿಸಿತು. ‘ತಾತ್ಕಾಲಿಕ’ ಅಂತಲೇ ಹೇಳಿದರು. ಮಳೆ ಬಂದರೆ ಸೋರುತ್ತಿತ್ತು, ಮಕ್ಕಳು ಒಳಗೇ ಕೊಡೆ ಬಿಚ್ಚಿ ಕೂರೋರು. ಚಳಿಗಾಲಕ್ಕೆ ಒಂದು ಕಬ್ಬಿಣದ ಒಲೆ. ಒಲೆ ಪಕ್ಕ ಕೂತವನಿಗೆ ಬೆವರು, ದೂರ ಕೂತವನಿಗೆ ಕೋಟು ಹಾಕಿದರೂ ನಡುಕ. ಮಕ್ಕಳೇ ಅದಕ್ಕೆ ಕೋಳಿಗೂಡು ಅಂತ ಹೆಸರಿಟ್ಟಿದ್ದರು. ನಾವು ಸೊಪ್ಪಿಗೆ ಬ್ಯಾರನ್‌ನಲ್ಲಿ ಎಲ್ಲಾ ಮೂಲೆಗೂ ಒಂದೇ ಸಮ ಶಾಖ ಬರಲಿ ಅಂತ ರಾತ್ರಿ ನಿದ್ದೆ ಕೆಡ್ತೀವಲ್ಲ. ಆ ಕೌಂಟಿಯಲ್ಲಿ ಸೊಪ್ಪಿಗೆ ಸಿಗುತ್ತಿದ್ದ ಹದ ಮಕ್ಕಳಿಗೆ ಸಿಗುತ್ತಿರಲಿಲ್ಲ.

ಪೋಷಕರ ಸಂಘ ಸುಮ್ಮನಿರಲಿಲ್ಲ. ಅದರ ಮುಂದಾಳುಗಳಲ್ಲಿ ಇಬ್ಬರ ಹೆಸರು ಹೇಳಬೇಕು. ಒಬ್ಬರು ಜಾನ್ ಲ್ಯಾಂಕಾಸ್ಟರ್, ಕಪ್ಪು ರೈತರ ಆ ಕೃಷಿ ಅಧಿಕಾರಿ. ಇನ್ನೊಬ್ಬರು ಫ್ರಾನ್ಸಿಸ್ ಗ್ರಿಫಿನ್, ಊರ ಬ್ಯಾಪ್ಟಿಸ್ಟ್ ಚರ್ಚಿನ ಪಾದ್ರಿ. ಮುಖ್ಯೋಪಾಧ್ಯಾಯ ಬಾಯ್ಡ್ ಜೋನ್ಸ್ ಅವರೂ ಜೊತೆಗೆ. ಮಂಡಳಿಯ ಸಭೆಗೆ ಮತ್ತೆ ಮತ್ತೆ ಹೋಗಿ ಕಾಯಂ ಕಟ್ಟಡ ಕೇಳಿದರು. ಜಾಗ ನೋಡ್ತಾ ಇದ್ದೀವಿ ಅನ್ನೋ ಉತ್ತರ. ಕೊನೆಗೆ ಬಂದ ಉತ್ತರ ಏನು ಗೊತ್ತಾ? ಇನ್ನು ನೀವು ಸಭೆಗೆ ಬರಬೇಕಿಲ್ಲ, ಏನಾದರೂ ಇದ್ದರೆ ನಾವೇ ತಿಳಿಸ್ತೀವಿ. ಇದು ಓದಿದ್ದಕ್ಕೇ ನೋಡಿ, ಮೊನ್ನೆ ಆ ಆಫೀಸಿನಲ್ಲಿ ನಾನು ಬಾಯಿ ಮುಚ್ಚಿಕೊಂಡು ಒಂದು ನಿಮಿಷ ನಿಂತುಬಿಟ್ಟಿದ್ದು.

ಅಲ್ಲಿಂದ ಮುಂದೆ ದೊಡ್ಡವರಿಗೆ ದಾರಿ ಕಾಣಲಿಲ್ಲ. ದಾರಿ ಮಾಡಿದ್ದು 16 ವರ್ಷದ ಒಬ್ಬ ಹುಡುಗಿ, ಬಾರ್ಬರಾ ಜಾನ್ಸ್. ಅಪ್ಪ ಹೊಲ ನೋಡ್ಕೊಳ್ಳೋರು, ತಾಯಿ ದೂರದ ವಾಷಿಂಗ್ಟನ್‌ನಲ್ಲಿ ಸರ್ಕಾರಿ ಕೆಲಸದಲ್ಲಿ. ತಮ್ಮ ತಂಗಿಯರನ್ನು ಶಾಲೆಗೆ ಹೊರಡಿಸೋ ಜವಾಬ್ದಾರಿ ಇವಳದೇ. ಒಂದು ಬೆಳಿಗ್ಗೆ ಅವರನ್ನ ಹೊರಡಿಸಿ, ಮರೆತ ಬುತ್ತಿ ತರೋಕೆ ಮನೆಗೆ ಓಡಿದಳು. ಅಷ್ಟರಲ್ಲಿ ಬಸ್ಸು ಹೋಗಿತ್ತು. ರಸ್ತೆ ಬದಿ ನಿಂತಳು. ತುಂಬಾ ಹೊತ್ತಿನ ಮೇಲೆ ಬಿಳಿ ಮಕ್ಕಳ ಬಸ್ಸು ಅರ್ಧ ಖಾಲಿ ಅವಳ ಮುಂದೆಯೇ ಹಾದುಹೋಯ್ತು. ನಿಲ್ಲಿಸೋ ಹಾಗಿಲ್ಲ. ಆವತ್ತು ಏನಾದರೂ ಮಾಡಲೇಬೇಕು ಅಂತ ತೀರ್ಮಾನಿಸಿದೆ ಅಂತ ಅವಳೇ ಆಮೇಲೆ ಬರೆದಿಟ್ಟಿದ್ದಾಳೆ. ಅದಕ್ಕೂ ಮುಂಚೆ ಅವಳು ಸಂಗೀತದ ಟೀಚರ್ ಹತ್ತಿರ ಶಾಲೆಯ ಸ್ಥಿತಿ ಬಗ್ಗೆ ಗೊಣಗಿದ್ದಳು. ಹಾಗಿದ್ದರೆ ನೀನೇ ಏನಾದರೂ ಮಾಡು ಅಂತ ಅವರು ಕೇಳಿದ್ದರಂತೆ.

ಕೆಲವೇ ನಂಬಿಕೆಯ ಮಕ್ಕಳನ್ನ ಸೇರಿಸಿಕೊಂಡು ತಿಂಗಳುಗಟ್ಟಲೆ ಗುಟ್ಟಾಗಿ ಯೋಜನೆ ಮಾಡಿದಳು. ಮನೆಯವರಿಗೂ ಹೇಳಲಿಲ್ಲ. 1951ರ ಏಪ್ರಿಲ್ 23. ಮುಖ್ಯೋಪಾಧ್ಯಾಯರಿಗೆ ಒಂದು ಫೋನು ಹೋಯ್ತು: ನಿಮ್ಮ ಮಕ್ಕಳು ಬಸ್ ಸ್ಟ್ಯಾಂಡಿನಲ್ಲಿ ತಕರಾರಿನಲ್ಲಿ ಸಿಕ್ಕಿಹಾಕಿಕೊಂಡಿದ್ದಾರೆ, ಬನ್ನಿ. ಅವರು ಹೊರಟರು. ಇತ್ತ ಪ್ರತಿ ಕ್ಲಾಸಿಗೂ ಒಂದು ಚೀಟಿ ಹೋಯ್ತು, ಎಲ್ಲರೂ ಸಭಾಂಗಣಕ್ಕೆ ಬನ್ನಿ ಅಂತ. ಕೆಳಗೆ ‘ಜೆ’ ಅಂತ ಸಹಿ. ಜೋನ್ಸ್ ಅವರ ಸಹಿ ಅಂತ ಟೀಚರ್‌ಗಳು ಅಂದ್ಕೊಂಡರು. ಸುಮಾರು 450 ಮಕ್ಕಳು ಬಂದು ಕೂತರು. ಪರದೆ ಸರಿದಾಗ ವೇದಿಕೆ ಮೇಲೆ ನಿಂತಿದ್ದು ಮುಖ್ಯೋಪಾಧ್ಯಾಯರಲ್ಲ, ಬಾರ್ಬರಾ. ಟೀಚರ್‌ಗಳನ್ನ ಹೊರಗೆ ಹೋಗಿ ಅಂತ ಕೇಳಿಕೊಂಡಳು. ತಾನು ಹಾಕಿದ್ದ ಶೂ ಬಿಚ್ಚಿ ಬೆಂಚಿಗೆ ಬಡಿದಳು. ಆಮೇಲೆ ಮಾತಾಡಿದಳು. ಹೊಸ ಕಟ್ಟಡ ಸಿಗೋವರೆಗೂ ಕ್ಲಾಸಿಗೆ ಹೋಗೋದು ಬೇಡ ಅಂದಳು. ಮಕ್ಕಳು ಎದ್ದರು. ಸುಳ್ಳು ಫೋನು ಅಂತ ಗೊತ್ತಾಗಿ ಜೋನ್ಸ್ ವಾಪಸ್ ಬಂದು, ಹೀಗೆ ಮಾಡಬೇಡಿ ಅಂತ ಬೇಡಿಕೊಂಡರೂ ಕೇಳಲಿಲ್ಲ. ಮುಷ್ಕರ ಎರಡು ವಾರ ನಡೀತು.

ಅದೇ ದಿನ ಮಕ್ಕಳು ರಾಜಧಾನಿ ರಿಚ್ಮಂಡ್‌ನ ಇಬ್ಬರು ವಕೀಲರಿಗೆ ಕಾಗದ ಬರೆದರು. ಆಲಿವರ್ ಹಿಲ್ ಮತ್ತು ಸ್ಪಾಟ್ಸ್‌ವುಡ್ ರಾಬಿನ್ಸನ್. ಇಬ್ಬರೂ ಕಪ್ಪು ಜನರ ಹಕ್ಕಿಗಾಗಿ ಹೋರಾಡುತ್ತಿದ್ದ ಎನ್‌ಎಎಸಿಪಿ ಸಂಘಟನೆಯವರು. ಮಕ್ಕಳಿಗೆ ಬುದ್ಧಿ ಹೇಳಿ ವಾಪಸ್ ಕಳಿಸೋಣ ಅಂತಲೇ ಅವರು ಬಂದದ್ದು. ಚರ್ಚಿನಲ್ಲಿ ಮಕ್ಕಳನ್ನ ನೋಡಿದ ಮೇಲೆ ಮನಸ್ಸು ಬದಲಾಯ್ತು. ಆದರೆ ಒಂದು ಷರತ್ತು ಹಾಕಿದರು. ಕಟ್ಟಡ ಕೊಡಿ ಅಂತ ಮಾತ್ರ ನಾವು ಕೇಸು ಹಾಕಲ್ಲ, ಬೇರೆ ಬೇರೆ ಶಾಲೆ ಅನ್ನೋದೇ ತಪ್ಪು, ಒಂದೇ ಶಾಲೆ ಬೇಕು ಅಂತ ಕೇಳೋದಾದರೆ ನಿಮ್ಮ ಜೊತೆ ಇರ್ತೀವಿ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಕ್ಕಳು ಕೇಳಿದ್ದು ಕಟ್ಟಡ. ಪೋಷಕರು ವರ್ಷಗಟ್ಟಲೆ ಕೇಳಿದ್ದೂ ಕಟ್ಟಡವೇ. ವಕೀಲರು ಹೇಳ್ತಿರೋದು ಇನ್ನೊಂದು. ಕಟ್ಟಡ ಕೊಡೋನ ಕೈಯಲ್ಲೇ ಎಲ್ಲವೂ ಇರೋವರೆಗೆ ನಿಮಗೆ ಸಿಗೋದು ಅವನು ಬಿಟ್ಟಷ್ಟೇ. ಊರಲ್ಲಿ ಇದಕ್ಕೆ ಒಮ್ಮತ ಇರಲಿಲ್ಲ. ಮೇ 3ರ ರಾತ್ರಿ ಗ್ರಿಫಿನ್ ಅವರ ಚರ್ಚಿನಲ್ಲಿ ದೊಡ್ಡ ಸಭೆ ಸೇರಿದಾಗ ಅದೇ ಶಾಲೆಯ ಹಳೇ ಮುಖ್ಯೋಪಾಧ್ಯಾಯರೊಬ್ಬರು ಎದ್ದು, ನಾನು ಕಟ್ಟಡದ ವಿಷಯ ಅಂತ ಬಂದೆ, ಇದು ಬೇರೆ ಎಲ್ಲಿಗೋ ಹೋಗ್ತಿದೆ ಅನ್ನೋ ಅರ್ಥದಲ್ಲಿ ಆತಂಕ ಹೇಳಿಕೊಂಡರು. ಅವರಿಗೆ ಎದ್ದು ಉತ್ತರ ಕೊಟ್ಟದ್ದೂ ಆ ಹುಡುಗಿಯೇ. ಕೊನೆಗೆ ಸಭೆ ಕೇಸಿನ ಕಡೆ ನಿಂತಿತು. ಮೇ 7ಕ್ಕೆ ಮಕ್ಕಳು ಕ್ಲಾಸಿಗೆ ಮರಳಿದರು. ಮೇ 23ಕ್ಕೆ 117 ಮಕ್ಕಳ ಹೆಸರಲ್ಲಿ ಕೇಸು ದಾಖಲಾಯ್ತು. ಪಟ್ಟಿಯಲ್ಲಿ ಮೊದಲ ಹೆಸರು ಡೊರೊತಿ ಡೇವಿಸ್, 14 ವರ್ಷದ ರೈತನ ಮಗಳು. ಅದರಿಂದಲೇ ಕೇಸಿಗೆ ಡೇವಿಸ್ ಕೇಸು ಅಂತ ಹೆಸರು.

ಬೆಲೆ ಕೊಡಬೇಕಾಯ್ತು. ಶಾಲೆ ಅಂಗಳದಲ್ಲಿ ಯಾರೋ ಶಿಲುಬೆ ಸುಟ್ಟರು. ಅದು ಅಲ್ಲಿ ಜೀವ ಬೆದರಿಕೆ ಹಾಕೋ ರೀತಿ. ಮುಖ್ಯೋಪಾಧ್ಯಾಯ ಜೋನ್ಸ್ ಅವರ ಕೆಲಸ ಆ ಬೇಸಿಗೆಯಲ್ಲೇ ಹೋಯ್ತು. ಗ್ರಿಫಿನ್ ಅವರಿಗೆ ಅಂಗಡಿಗಳಲ್ಲಿ ಸಾಲ ನಿಂತಿತು, ಹಳೇ ಬಾಕಿಗೆ ಒತ್ತಾಯ ಬಂತು. ಬಾರ್ಬರಾಳನ್ನ ಮನೆಯವರು ಹೆದರಿ ಅಲಬಾಮಾ ರಾಜ್ಯದ ಮಾಂಟ್ಗೋಮರಿಗೆ, ಚಿಕ್ಕಪ್ಪ ದೊಡ್ಡಪ್ಪನ ಪೈಕಿ ವರ್ನನ್ ಜಾನ್ಸ್ ಅನ್ನೋರ ಮನೆಗೆ ಕಳಿಸಿದರು. ಅವರದೂ ಸ್ವಾರಸ್ಯ. ದೊಡ್ಡ ಪಂಡಿತ, ಪಾದ್ರಿ, ಆದರೆ ಮೂಲ ರೈತ. ಕಪ್ಪು ಜನ ಭೂಮಿ ಹಿಡಿಯಬೇಕು, ಬೆಳೆದದ್ದನ್ನ ತಾವೇ ಮಾರಬೇಕು ಅನ್ನೋರು. ಚರ್ಚಿನ ಹತ್ತಿರ ತಾವೇ ತರಕಾರಿ, ಕಲ್ಲಂಗಡಿ ಮಾರಿ ಊರ ದೊಡ್ಡಮನುಷ್ಯರ ಸಿಟ್ಟಿಗೆ ಗುರಿಯಾಗಿದ್ದರು.

ಈಗ ಕಟ್ಟಡದ ವಿಷಯಕ್ಕೆ ಬರ್ತೀನಿ. ವರ್ಷಗಟ್ಟಲೆ ‘ಜಾಗ ನೋಡ್ತಿದ್ದೀವಿ’ ಅಂತಿದ್ದ ಅದೇ ಮಂಡಳಿ, ಕೇಸು ಬಿದ್ದ ಮೇಲೆ ಓಡಿತು. 1953ರಲ್ಲಿ ಹೊಸ ಮೋಟನ್ ಹೈಸ್ಕೂಲು ತೆರೆಯಿತು. ಎಂಟು ಲಕ್ಷ ಡಾಲರ್‌ಗೂ ಹೆಚ್ಚು ಖರ್ಚು. ಕೇಳಿದ್ದೆಲ್ಲ ಅದರಲ್ಲಿತ್ತು. ಒಳ್ಳೇ ಕಟ್ಟಡ ಕೊಟ್ಟುಬಿಟ್ಟರೆ ಕೇಸು ತಾನಾಗೇ ಬಿದ್ದುಹೋಗುತ್ತೆ ಅನ್ನೋ ಲೆಕ್ಕ. ಬೀಳಲಿಲ್ಲ. ಕೆಳಗಿನ ಕೋರ್ಟಿನಲ್ಲಿ ಸೋತರೂ ಮೇಲಕ್ಕೆ ಹೋಯ್ತು. ಬೇರೆ ಕಡೆಯ ನಾಲ್ಕು ಕೇಸುಗಳ ಜೊತೆ ಸೇರಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ 1954ರ ಮೇ 17ಕ್ಕೆ ತೀರ್ಪು ಬಂತು. ಬಣ್ಣ ನೋಡಿ ಶಾಲೆ ಬೇರೆ ಮಾಡೋದು ಸಂವಿಧಾನಕ್ಕೆ ವಿರುದ್ಧ. ‘ಬ್ರೌನ್’ ತೀರ್ಪು ಅಂತ ಜಗತ್ತಿಗೆಲ್ಲ ಗೊತ್ತಿರೋದು ಇದೇ. ಐದು ಕೇಸಿನಲ್ಲಿ ಶಾಲಾ ಮಕ್ಕಳೇ ಶುರು ಮಾಡಿದ್ದು ಇದೊಂದೇ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಇಷ್ಟು ಬರೀತಿರಲಿಲ್ಲ. ತೀರ್ಪು ಬಂದರೂ ಕೌಂಟಿಯವರು ಐದು ವರ್ಷ ಎಳೆದರು. 1959ರಲ್ಲಿ ಕೋರ್ಟು, ಇನ್ನು ಎಳೆಯೋ ಹಾಗಿಲ್ಲ, ಮಕ್ಕಳನ್ನ ಒಟ್ಟಿಗೆ ಕೂರಿಸಿ ಅಂತು. ಆಗ ಕೌಂಟಿಯ ಆಡಳಿತ ಏನು ಮಾಡಿತು ಅಂದ್ರೆ, ಸರ್ಕಾರಿ ಶಾಲೆಗಳಿಗೆ ಒಂದು ಪೈಸೆನೂ ಕೊಡಲ್ಲ ಅಂತ ನಿರ್ಣಯ ಮಾಡಿತು. ಇಡೀ ಕೌಂಟಿಯ ಸರ್ಕಾರಿ ಶಾಲೆಗಳಿಗೆ ಬೀಗ. ಒಂದು ವಾರವಲ್ಲ, ಒಂದು ವರ್ಷವಲ್ಲ, 1959ರಿಂದ 1964ರವರೆಗೆ ಐದು ವರ್ಷ. ಮಕ್ಕಳು ಹೋರಾಡಿ ಪಡೆದ ಆ ಕಾಯಂ ಕಟ್ಟಡಕ್ಕೂ ಬೀಗ ಬಿತ್ತು. ಬಿಳಿ ಮಕ್ಕಳಿಗೆ ಅವರವರೇ ಸೇರಿ ಖಾಸಗಿ ಶಾಲೆ ಮಾಡಿಕೊಂಡರು. ಮೊದಲು ಚರ್ಚು, ಸಂಘಗಳ ಹಾಲಿನಲ್ಲಿ ನಡೆಸಿ ಆಮೇಲೆ ಕಟ್ಟಡ ಕಟ್ಟಿಕೊಂಡರು. ದುಡ್ಡಿಲ್ಲದ ಕೆಲವು ಬಿಳಿ ಮಕ್ಕಳೂ ಹೊರಗೆ ಉಳಿದರು.

ಸುಮಾರು 1,700 ಕಪ್ಪು ಮಕ್ಕಳ ಗತಿ ಏನು? ಕೆಲವರನ್ನ ಬೇರೆ ಊರಿನ ನೆಂಟರ ಮನೆಗೆ ಕಳಿಸಿದರು. ಕೆಲವರು ಗುರುತಿಲ್ಲದವರ ಮನೆಯಲ್ಲಿದ್ದು ಓದಿದರು. ಚರ್ಚಿನ ನೆಲಮಾಳಿಗೆಯಲ್ಲಿ ಊರ ಹೆಂಗಸರು ಅಕ್ಷರ, ಲೆಕ್ಕ ಮರೆಯದ ಹಾಗೆ ನೋಡಿಕೊಂಡರು. ಹಲವರು ಹೊಲದ ಕೆಲಸಕ್ಕಿಳಿದರು. ಆರು ವರ್ಷದ ಮಗು ಒಂದನೇ ಕ್ಲಾಸು ಸೇರೋ ಹೊತ್ತಿಗೆ ಹನ್ನೊಂದು ವರ್ಷ ಆಗಿತ್ತು. 1963ರಲ್ಲಿ ಕೆನಡಿ ಸರ್ಕಾರದ ಬೆಂಬಲದಿಂದ, ದಾನಿಗಳ ದುಡ್ಡಲ್ಲಿ ಒಂದು ವರ್ಷ ಉಚಿತ ಶಾಲೆ ನಡೀತು. 1964ರ ಮೇ 25ಕ್ಕೆ ಸುಪ್ರೀಂ ಕೋರ್ಟು, ಶಾಲೆ ಮುಚ್ಚಿದ್ದು ತಪ್ಪು ಅಂತು. ಆ ಕೇಸಿಗೆ ಪಾದ್ರಿ ಗ್ರಿಫಿನ್ ಅವರ ಮನೆತನದ್ದೇ ಹೆಸರು. ಅದೇ ವರ್ಷ ಬಾಗಿಲು ತೆರೆಯಿತು. ಅಷ್ಟರಲ್ಲಿ ಕೆಲವರು ಓದನ್ನೇ ಬಿಟ್ಟಿದ್ದರು, ಮತ್ತೆ ಬರಲೇ ಇಲ್ಲ. 2004ರಲ್ಲಿ ವರ್ಜೀನಿಯಾ ಸರ್ಕಾರ ಆಗ ಓದು ತಪ್ಪಿದವರಿಗಾಗಿ ವಿದ್ಯಾರ್ಥಿವೇತನ ಶುರು ಮಾಡಿತು. ಆ ಹೊತ್ತಿಗೆ ಆ ಮಕ್ಕಳಿಗೆ ಐವತ್ತು, ಅರವತ್ತು ವರ್ಷ.

ಬಾರ್ಬರಾ ಮುಂದೆ ಓದಿ ಗ್ರಂಥಪಾಲಕಿಯಾಗಿ ಬದುಕಿ 1991ರಲ್ಲಿ ತೀರಿಕೊಂಡರು. 1939ರ ಆ ಹಳೇ ಶಾಲೆ ಈಗ ಮ್ಯೂಸಿಯಂ.

ನಮ್ಮ ಶೆಡ್ಡನ್ನ ಅವರ ಶೆಡ್ಡಿಗೆ ಹೋಲಿಸೋದು ಸರಿಯಲ್ಲ, ಅವರ ಪಾಡೇ ಬೇರೆ. ಆದರೆ ಒಂದು ವಿಷಯ ನನ್ನ ತಲೆಯಿಂದ ಹೋಗ್ತಿಲ್ಲ. ಗೋಡೆ ಕಾಯಂ ಆಯ್ತು, ಶಾಲೆ ಕಾಯಂ ಆಗಲಿಲ್ಲ. ವರ್ಷಾವರ್ಷ ಶಾಲೆ ನಡೆಸೋ ದುಡ್ಡಿನ ಕೈ ಯಾವುದು ಅನ್ನೋದರಲ್ಲಿ ಎಲ್ಲ ಇತ್ತು. ನಮ್ಮ ಅರ್ಜಿ ತೆಗೆದು ಮತ್ತೆ ಓದಿದೆ. ನಾಲ್ಕು ಕೋಣೆ, ಕಾಂಪೌಂಡು, ಶೌಚಾಲಯ ಅಂತ ಇದೆ. ಖಾಲಿ ಇರೋ ಗಣಿತ, ವಿಜ್ಞಾನದ ಟೀಚರ್ ಹುದ್ದೆ ಬಗ್ಗೆ ಒಂದು ಸಾಲೂ ಇಲ್ಲ. ನಾಳೆ ಕೋಣೆ ಕಟ್ಟಿ ರಿಬ್ಬನ್ ಕತ್ತರಿಸಿ, ಮಕ್ಕಳು ಕಡಿಮೆ ಅಂತ ಶಾಲೆಯನ್ನೇ ಪಕ್ಕದೂರಿಗೆ ಸೇರಿಸಿದರೆ ನಮ್ಮ ಹತ್ತಿರ ಏನಿದೆ ತೋರಿಸೋಕೆ?

ಇನ್ನೊಂದು. ಹೋದ ಸಭೆಯಲ್ಲಿ, ಮಕ್ಕಳನ್ನ ಇದಕ್ಕೆಲ್ಲ ಎಳೀಬೇಡಿ ಅಂತ ಮೊದಲು ಹೇಳಿದ್ದು ನಾನೇ. ಮುಷ್ಕರ ಮಾಡಿಸೋಣ ಅಂತ ಈಗಲೂ ಹೇಳ್ತಿಲ್ಲ. ಆದರೆ ಆ ಶೆಡ್ಡಿನಲ್ಲಿ ಕೂರೋರು ಅವರು. ನಾಲ್ಕು ವರ್ಷದಲ್ಲಿ ಒಂದು ಸಾರಿಯೂ ಅವರನ್ನ ಕೂರಿಸಿ ಏನು ಬೇಕಪ್ಪಾ ಅಂತ ಕೇಳಿಲ್ಲ. ನಿನ್ನೆ ಸೊಪ್ಪು ಕಟ್ಟುವಾಗ ಮಗಳನ್ನ ಕೇಳಿದೆ. "ಕೋಣೆ ಆಮೇಲೆ ಆಗ್ಲಿ ಅಪ್ಪಾ, ಮೊದ್ಲು ಲೆಕ್ಕದ ಮೇಷ್ಟ್ರು ಬೇಕು" ಅಂದಳು. ನಾನು ಅರ್ಜಿ ಬರೆದವನು, ನನಗೆ ಹೊಳೆದಿರಲಿಲ್ಲ.

ಮುಂದಿನ ಮಂಗಳವಾರ ಸಂಜೆ ಆರಕ್ಕೆ ಶಾಲೆ ಜಗಲಿಯಲ್ಲಿ ಸಭೆ ಇದೆ. ಅರ್ಜಿ ಹೊಸದಾಗಿ ಬರೀತೀವಿ, ಹತ್ತನೇ ಕ್ಲಾಸಿನ ಮಕ್ಕಳೂ ಕೂರ್ತಾರೆ. ಆವತ್ತು ಬ್ಯಾರನ್ ಹಚ್ಚಿದ್ದರೆ ಬೆಂಕಿ ನೋಡೋಕೆ ಮನೇಲಿ ಯಾರಿಗಾದರೂ ಹೇಳಿ ಬನ್ನಿ. ನಮ್ಮ ಬ್ಯಾರನ್ ಅಮ್ಮ ನೋಡ್ಕೋತಾರೆ.