ಪ್ರತಿ ವರ್ಷ ಬರುವ ಮರಳು ಎಷ್ಟು?

ಗೌರಿಬಿದನೂರು ಕಡೆಯ ಹಿರಿಯರ ಮುಂದೆ ಉತ್ತರ ಪಿನಾಕಿನಿಯ ಮಾತೆತ್ತಿದರೆ ಚಿಲುಮೆಯ ಮಾತು ಬಂದೇ ಬರುತ್ತದೆ. ಬೇಸಿಗೆಯಲ್ಲಿ ಹೊಳೆ ಒಣಗಿದ್ದರೂ ಮರಳನ್ನು ಕೈಯಲ್ಲೇ ಮೊಳದಷ್ಟು ತೋಡಿದರೆ ತಳದಲ್ಲಿ ನೀರು ಜಿನುಗುತ್ತಿತ್ತು. ಮೊದಲು ಬಗ್ಗಡ. ಅದನ್ನು ಮೊಗೆದು ಚೆಲ್ಲಿ ತುಸು ಹೊತ್ತು ಕಾದರೆ ತಿಳಿನೀರು. ಚಿಪ್ಪಿನಲ್ಲಿ ತೋಡಿ ಬಿಂದಿಗೆ ತುಂಬಿಕೊಳ್ಳಬೇಕು. ಮರಳು ಹೋದ ಮೇಲೆ ಚಿಲುಮೆಯೂ ಹೋಯಿತು. ಎಷ್ಟು ಲೋಡು ಹೋಯಿತು ಎಂದು ಹುಡುಕುವವರು ಬೇರೆ ಇದ್ದಾರೆ. ನನ್ನನ್ನು ಕಾಡಿದ್ದು ಇನ್ನೊಂದು ಪ್ರಶ್ನೆ: ಮರಳು ಮುಗಿದುಹೋಗುವ ವಸ್ತು ಎಂದು ಸರ್ಕಾರದ ಕಾಗದ ಒಪ್ಪಿಕೊಂಡದ್ದು ಯಾವಾಗ?

ಹುಡುಕಲು ಕೂತವರಿಗೆ ಮೊದಲ ತೊಡಕು ಜಿಲ್ಲೆಯದೇ. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ. ಅದಕ್ಕೆ ಹಿಂದಿನ ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳನ್ನು ಕೋಲಾರದ ಹೆಸರಿನಲ್ಲಿ ಹುಡುಕಬೇಕು. ಹೊಳೆಗಳಿಗಂತೂ ಜಿಲ್ಲೆಯ ಗಡಿಯೇ ಇಲ್ಲ. ನಂದಿಯ ಸುತ್ತಲಿನ ಬೆಟ್ಟಗಳಲ್ಲಿ ಹುಟ್ಟಿದ ಉತ್ತರ ಪಿನಾಕಿನಿ ಗೌರಿಬಿದನೂರು ದಾಟಿ ಆಂಧ್ರಕ್ಕೆ ಹೋಗುತ್ತದೆ, ಸುಮಾರು 597 ಕಿಲೋಮೀಟರ್ ಹರಿದು ನೆಲ್ಲೂರು ಸೀಮೆಯಲ್ಲಿ ಸಮುದ್ರ ಸೇರುತ್ತದೆ. ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿ, ಪಾಪಾಗ್ನಿಗಳಿಗೂ ಇದೇ ಬೆಟ್ಟಸಾಲು ತವರು. ಪಾಲಾರ್ ಹುಟ್ಟುವುದು ಚಿಂತಾಮಣಿ ಕಡೆಯ ತಲಗವಾರದಲ್ಲಿ.

ಈ ಹೊಳೆಗಳ ಹೆಸರು ಒಟ್ಟಿಗೆ ನನಗೆ ಸಿಕ್ಕಿದ್ದು 1892ರ ಮದ್ರಾಸ್–ಮೈಸೂರು ಒಪ್ಪಂದದ ಪಟ್ಟಿಯಲ್ಲಿ. ಅಲ್ಲಿ 15 ಮುಖ್ಯ ನದಿಗಳಿವೆ. ಎರಡು ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ಪಾಲಾರ್ ಎಲ್ಲವೂ ಅದರಲ್ಲಿವೆ. ಮದ್ರಾಸಿನ ಒಪ್ಪಿಗೆಯಿಲ್ಲದೆ ಮೈಸೂರು ಇವುಗಳಿಗೆ ಹೊಸ ಜಲಾಶಯ ಕಟ್ಟುವಂತಿರಲಿಲ್ಲ. ನೀರಿಗಾಗಿ ಎರಡು ಸರ್ಕಾರಗಳು ಸಾಲು ಸಾಲಾಗಿ ಷರತ್ತು ಬರೆದುಕೊಂಡವು. ಆ ನೀರನ್ನು ಹಿಡಿದಿಟ್ಟುಕೊಂಡಿದ್ದ ಮರಳಿನ ಬಗ್ಗೆ ಅಲ್ಲಿ ಯೋಚನೆಯೇ ಇಲ್ಲ. ಆಗ ಅದನ್ನು ಯಾರೂ ಲಾರಿಗೆ ತುಂಬುತ್ತಿರಲಿಲ್ಲ.

ಮರಳು ಕಾನೂನಿನ ಪುಸ್ತಕದಲ್ಲಿ ಕಂಡದ್ದು 1957ರ ಗಣಿ ಮತ್ತು ಖನಿಜ ಕಾಯ್ದೆಯಲ್ಲಿ. ಕಟ್ಟಡದ ಕಲ್ಲು, ಗರಸು, ಸಾಮಾನ್ಯ ಜೇಡಿಮಣ್ಣು, ಸಾಮಾನ್ಯ ಮರಳು, ಇವು ಉಪಖನಿಜಗಳು. ‘ಸಾಮಾನ್ಯ’ ಎಂಬ ಮಾತಿನ ಮೇಲೆ ನಾನು ಬಹಳ ಹೊತ್ತು ಬೆರಳಿಟ್ಟು ಕೂತಿದ್ದೆ. ನದಿಯ ಹಾಸಿಗೆಯಾಗಿದ್ದದ್ದು ಆ ಒಂದು ಪದದಿಂದ ಜಲ್ಲಿ, ಗರಸಿನ ಸಾಲಿಗೆ ಸೇರಿತು. ನಿಯಮ ಮಾಡುವ ಅಧಿಕಾರ ರಾಜ್ಯಕ್ಕೆ ಬಂತು, ಕರ್ನಾಟಕದ ಉಪಖನಿಜ ನಿಯಮಗಳು 1994ರಲ್ಲಿ ಬಂದವು. ರಾಜಧನ, ಪರವಾನಗಿ, ದಂಡ ಎಲ್ಲಕ್ಕೂ ಅಲ್ಲಿ ಜಾಗವಿದೆ.

ನನ್ನ ಪ್ರಶ್ನೆಗೆ ಮೊದಲ ಉತ್ತರ ಸಿಕ್ಕಿದ್ದು ಸುಪ್ರೀಂ ಕೋರ್ಟಿನ ಕಡತದಲ್ಲಿ. 2006ರ ಪರಿಸರ ಅಧಿಸೂಚನೆ 5 ಹೆಕ್ಟೇರಿಗಿಂತ ಕಡಿಮೆಯ ಗಣಿಗಳನ್ನು ಹೊರಗಿಟ್ಟಿತ್ತು. ನದಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಹರಾಜು ಹಾಕಿದರೆ ಪರಿಸರ ಅನುಮತಿಯ ಗೊಡವೆಯೇ ಇರಲಿಲ್ಲ. ದೀಪಕ್ ಕುಮಾರ್ ಪ್ರಕರಣದಲ್ಲಿ 2012ರ ಫೆಬ್ರವರಿ 27ರಂದು ನ್ಯಾಯಾಲಯ ಆ ದಾರಿ ಮುಚ್ಚಿತು. ಹರಿಯಾಣದ ಹರಾಜಿನಿಂದ ಹುಟ್ಟಿದ ತೀರ್ಪು ಗೌರಿಬಿದನೂರಿನ ಹಳ್ಳಕ್ಕೂ ಅನ್ವಯಿಸಿತು.

ಆಮೇಲೆ ಬಂದದ್ದು 2016ರ ಜನವರಿ 15ರ ಅಧಿಸೂಚನೆ. ಪ್ರತಿ ಜಿಲ್ಲೆಯೂ ಸಮೀಕ್ಷಾ ವರದಿ ಮಾಡಬೇಕು, ಅದರ ನಮೂನೆ ಹೀಗಿರಬೇಕು ಎಂದು ಅನುಬಂಧದಲ್ಲಿ ಕೋಷ್ಟಕಗಳೇ ಇವೆ. ನನ್ನ ಹುಡುಕಾಟದಲ್ಲಿ ಇದಕ್ಕಿಂತ ಬೆಲೆಯುಳ್ಳ ಕಾಗದ ಸಿಗಲಿಲ್ಲ. ಒಂದು ಕೋಷ್ಟಕದಲ್ಲಿ ನದಿಯ ಹೆಸರು, ಗಣಿಗಾರಿಕೆಗೆ ಶಿಫಾರಸು ಮಾಡಿದ ಭಾಗದ ಉದ್ದ, ಸರಾಸರಿ ಅಗಲ, ವಿಸ್ತೀರ್ಣ; ಕೊನೆಯಲ್ಲಿ ತೆಗೆಯಬಹುದಾದ ಮರಳು, ಒಟ್ಟು ಸಂಗ್ರಹದ ಶೇ. 60. ಒಂದು ಕಿಲೋಮೀಟರ್ ಉದ್ದ, 50 ಮೀಟರ್ ಅಗಲದ ಹೊಳೆಯಲ್ಲಿ ಒಂದು ಮೀಟರ್ ಮರಳಿದ್ದರೆ 50,000 ಘನ ಮೀಟರ್. ಅದರಲ್ಲಿ 30,000 ತೆಗೆಯಬಹುದು. ಟೇಪು ಹಿಡಿದು ಒಂದೇ ಬೆಳಗ್ಗೆ ಮುಗಿಸಬಹುದಾದ ಲೆಕ್ಕ.

ಅದೇ ನಮೂನೆಯಲ್ಲಿ ಇನ್ನೊಂದು ಶೀರ್ಷಿಕೆ ಇದೆ: ವಾರ್ಷಿಕ ಸಂಚಯ. ವರ್ಷಕ್ಕೆ ಹೊಸದಾಗಿ ಬಂದು ಬೀಳುವ ಮರಳು ಎಷ್ಟು? ಮರಳು ಮುಗಿಯುತ್ತದೆ ಎಂದು ಕಾಗದ ಒಪ್ಪಿಕೊಂಡದ್ದು ಇಲ್ಲಿ. ಇದಕ್ಕೆ ಟೇಪು ಸಾಲದು. ಹೊಳೆ ಹರಿಯಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮಳೆ ನಿಂತ ಮೇಲೆ ಒಮ್ಮೆ ಪಾತ್ರವನ್ನು ಅಳೆಯಬೇಕು. 2020ರ ಕೇಂದ್ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಕಾವೇರಿಯಂಥ ನದಿಗೆ ಇದು ಹೊಂದುತ್ತದೆ. ಆದರೆ ಇದು ಹೊಳೆಗಳು ಹುಟ್ಟುವ ಸೀಮೆ, ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಹೊಳೆಯೇ ಬಾರದ ವರ್ಷ ಹೊಸ ಮರಳು ಸೊನ್ನೆ. ಶೇ. 60 ಎಂಬುದು ಆಗ ಆದಾಯವಲ್ಲ, ಗಂಟು.

2020ರ ರಾಜ್ಯದ ಮರಳು ನೀತಿ ಒಂದರಿಂದ ಮೂರನೇ ಶ್ರೇಣಿಯ ಹಳ್ಳತೊರೆಗಳನ್ನು ಗ್ರಾಮ ಪಂಚಾಯಿತಿಗೆ ವಹಿಸಿತು. ಎರಡು ಮೊದಲ ಶ್ರೇಣಿಯ ತೊರೆ ಕೂಡಿದರೆ ಎರಡನೆಯದು, ಅಂಥ ಎರಡು ಕೂಡಿದರೆ ಮೂರನೆಯದು. ನಂದಿಯ ಸುತ್ತಿನ ತೊರೆಗಳು ಬಹುಪಾಲು ಇವೇ. ಪಂಚಾಯಿತಿಗೆ ಅಧಿಕಾರ ಬಂದದ್ದು ಒಳ್ಳೆಯದೇ. ವಾರ್ಷಿಕ ಸಂಚಯ ಅಳೆಯುವ ಕಸುಬನ್ನೂ ಜೊತೆಗೆ ಕೊಡಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಯಾವ ಕೋಷ್ಟಕದಲ್ಲೂ ಹಿಡಿಯಲಾಗದ್ದು ಫಿಲ್ಟರ್ ಮರಳು. ಕೆರೆಯಂಗಳದ, ಹೊಲದ ಮಣ್ಣನ್ನು ತೋಡಿ, ಬೋರ್‌ವೆಲ್ ನೀರು ಹಾಯಿಸಿ, ಕೆಸರು ಹರಿದುಹೋದ ಮೇಲೆ ತಳದಲ್ಲಿ ಉಳಿದದ್ದನ್ನು ಮರಳೆಂದು ಮಾರುವುದು. ಕುಡಿಯಲು ಟ್ಯಾಂಕರ್ ಕಾಯುವ ತಾಲ್ಲೂಕುಗಳಲ್ಲಿ ನೆಲದಾಳದ ನೀರಿನಿಂದ ಮಣ್ಣು ತೊಳೆದರು. ಹೊಳೆ ಬರಿದಾದ ಮೇಲೆ ಕೆರೆಗೆ ಬಂದರು. ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡ್ ಬಂದ ಮೇಲೆ ಬೇಡಿಕೆ ಬೆಟ್ಟಕ್ಕೆ ಏರಿತು. ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ 2021ರ ಫೆಬ್ರವರಿಯಲ್ಲಿ ಜಿಲೆಟಿನ್ ಸಿಡಿದು 6 ಮಂದಿ ಸತ್ತದ್ದು ಕಲ್ಲುಗಣಿಯ ನಂಟಿನಿಂದ.

ಕೋಷ್ಟಕದ ಖಾಲಿ ನಮೂನೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಒಂದು ದಿನ ಹೊಳೆಗೆ ಹೋದೆ. ಹಳೆಯ ಸೇತುವೆಯೊಂದರ ಕಂಬದಲ್ಲಿ ಎರಡು ಬಣ್ಣ: ಮೇಲೆ ಬಿಸಿಲು ಮಳೆ ತಿಂದ ಕಪ್ಪು, ಕೆಳಗೆ ಇನ್ನೂ ಮಾಸದ ತಿಳಿಗಲ್ಲು. ಮರಳು ನಿಂತಿದ್ದ ಗೆರೆ ಅದು. ಗೆರೆಯಿಂದ ಈಗಿನ ನೆಲದವರೆಗೆ ಟೇಪು ಇಳಿಬಿಟ್ಟೆ. ಅದರ ತುದಿ ಮುಟ್ಟಿದ್ದು ಜಾಲಿಯ ಬೇರನ್ನು. ಅಳತೆ ಬರೆದುಕೊಂಡು, ಪಕ್ಕದಲ್ಲಿ ಮಳೆಗಾಲದ ನಂತರದ ಅಳತೆಗೆ ಜಾಗ ಬಿಟ್ಟೆ.