ಉಸ್ತೂಲ್: ಕಡಲಿನಿಂದ ಬಂದ ಒಂದು ಪದ

2010ರ ಮೇ ತಿಂಗಳಲ್ಲಿ ಗಾಝಾಕ್ಕೆ ಔಷಧಿ, ಸಿಮೆಂಟು ಹೊತ್ತು ಹೊರಟ ಆರು ಹಡಗುಗಳನ್ನು ಅರಬ್ಬಿಯಲ್ಲಿ 'ಉಸ್ತೂಲುಲ್ ಹುರ್ರಿಯಾ' ಅಂತ ಕರೆದರು. ಹುರ್ರಿಯಾ ಅಂದರೆ ಸ್ವಾತಂತ್ರ್ಯ, ಉಸ್ತೂಲ್ ಅಂದರೆ ಹಡಗುಗಳ ಪಡೆ. ಮೆಡಿಟರೇನಿಯನ್‌ನಲ್ಲಿರುವ ಅಮೆರಿಕದ ಆರನೇ ನೌಕಾಪಡೆಯೂ ಅರಬ್ಬಿಯಲ್ಲಿ ಉಸ್ತೂಲೇ! ಇಂಗ್ಲಿಷಿನವರು ಮೊದಲನೆಯದಕ್ಕೆ ಫ್ಲೊಟಿಲ್ಲಾ, ಎರಡನೆಯದಕ್ಕೆ ಫ್ಲೀಟ್ ಎಂದು ಬೇರೆ ಮಾಡುತ್ತಾರೆ.

ಉಸ್ತೂಲ್ ಅರಬ್ಬಿಯ ಮೂಲ ಪದವಲ್ಲ. ಗ್ರೀಕರ 'ಸ್ತೋಲೊಸ್' ಅದು. ಮರಳುಗಾಡಿನ ಸೈನ್ಯಕ್ಕೆ ಕಡಲಿನ ಭಯವಿತ್ತು. ಖಲೀಫಾ ಉಮರ್ (ರ) ತಮ್ಮ ಜನರನ್ನು ಕಡಲಿಗಿಳಿಸಲು ಒಪ್ಪಲಿಲ್ಲ. ಉಸ್ಮಾನ್ (ರ) ಅವರ ಕಾಲದಲ್ಲಿ ಒಪ್ಪಿಗೆ ಸಿಕ್ಕಿತು. ಸಿರಿಯಾದ ಗವರ್ನರ್ ಮುಆವಿಯಾ 649ರಲ್ಲಿ ಸೈಪ್ರಸ್‌ಗೆ ಹಡಗು ಹೊರಡಿಸಿದರು. ಕಟ್ಟಿದವರು, ನಡೆಸಿದವರು ಯಾರು? ಬಹುಪಾಲು ಈಜಿಪ್ಟಿನ ಕೋಪ್ಟರು, ಸಿರಿಯಾ ಕರಾವಳಿಯ ಕ್ರೈಸ್ತರು. ನಿನ್ನೆಯವರೆಗೆ ಬೈಜಾಂಟೈನ್ ಚಕ್ರವರ್ತಿಗೆ ದುಡಿದ ಕೈಗಳೇ. ಆ ಬಂದರುಗಳ ಮಾತು ಅರಬ್ಬಿಗೆ ಇಳಿದದ್ದರಲ್ಲಿ ಆಶ್ಚರ್ಯವೇನು?

ಆ ಯಾನದಲ್ಲಿ ಉಮ್ಮು ಹರಾಮ್ (ರ) ಎಂಬ ಸಹಾಬಿ ಮಹಿಳೆಯೂ ಇದ್ದರು. ತಮ್ಮ ಸಮುದಾಯದ ಜನ ಸಿಂಹಾಸನದ ಮೇಲೆ ಕುಳಿತ ರಾಜರಂತೆ ಕಡಲ ಮೇಲೆ ಸಾಗುವುದನ್ನು ಪ್ರವಾದಿ (ಸ) ಕನಸಿನಲ್ಲಿ ಕಂಡು ಹೇಳಿದಾಗ, ನಾನೂ ಅವರಲ್ಲಿ ಇರುವಂತೆ ದುಆ ಮಾಡಿ ಎಂದು ಕೇಳಿದವರು ಇವರೇ. ದಡ ಸೇರಿದ ಮೇಲೆ ಸವಾರಿಯಿಂದ ಬಿದ್ದು ತೀರಿಕೊಂಡರು. ಲಾರ್ನಾಕಾದ ಉಪ್ಪಿನ ಸರೋವರದ ಪಕ್ಕ ಅವರ ಮಜಾರ್ ಇಂದಿಗೂ ಇದೆ. ಕೆಲವೇ ವರ್ಷಗಳಲ್ಲಿ 'ಹಾಯಿಕಂಬಗಳ ಯುದ್ಧ'ದಲ್ಲಿ ಇದೇ ಹೊಸ ಉಸ್ತೂಲ್ ಬೈಜಾಂಟೈನ್ ಪಡೆಯನ್ನು ಮುರಿಯಿತು.

ಅರಬ್ಬಿ ಸಾಲ ತೀರಿಸದೆ ಬಿಡಲಿಲ್ಲ. ಹಡಗುಕಟ್ಟೆಯ 'ದಾರುಸ್ಸಿನಾಆ' ಯುರೋಪಿನಲ್ಲಿ ಆರ್ಸೆನಲ್ ಆಯಿತು, 'ಅಮೀರ್' ಅಡ್ಮಿರಲ್ ಆದ.

ಉರ್ದು ಮಾತ್ರ ಉಸ್ತೂಲನ್ನು ಬಳಕೆಗೆ ತಂದುಕೊಳ್ಳಲಿಲ್ಲ. ಅದು ಹಿಡಿದದ್ದು ಈ ನೆಲದ 'ಬೇಡಾ'. ತೆಪ್ಪಕ್ಕೂ ಅದೇ, ನೌಕಾಪಡೆಗೂ ಅದೇ. ಮುಂಬೈಯ ನಮ್ಮ ಬಿಲ್ಡಿಂಗಿನಲ್ಲಿ ಪರೀಕ್ಷೆಗೆ ಹೊರಟ ಮಗುವಿಗೆ ಅಜ್ಜಿಯರು 'ಬೇಡಾ ಪಾರ್' ಎಂದು ಹರಸಿದಾಗ, ಊರಿಂದ ಹೊಸದಾಗಿ ಬಂದ ಕನ್ನಡದ ಕಿವಿಗೆ ಏನೋ ಬೇಡ ಎಂದಂತೆ ಕೇಳುತ್ತದೆ!

ಗಾಝಾದ ಹಡಗುಗಳಿಗೆ ಕನ್ನಡದಲ್ಲಿ ಏನನ್ನೋಣ? ನೌಕಾಪಡೆ ಎಂದರೆ ತೋಪು ಕಣ್ಣಿಗೆ ಬರುತ್ತದೆ. ಆದರೆ ಆ ದಿನ ಸತ್ತವರು ಹಡಗಿನೊಳಗಿದ್ದ ಒಂಬತ್ತು ಮಂದಿ. ನನಗೆ 'ದಂಡು' ಇಷ್ಟ. ಸೈನ್ಯಕ್ಕೂ ದಂಡು ಅನ್ನುತ್ತೇವೆ, ಜಾತ್ರೆಗೆ ಹೊರಟ ಜನಕ್ಕೂ.